ತಪ್ಪು ಯಾರದೆಂದು ಬರೆಯುವ ಸಾಲು

ಶಿವಲಿಂಗಮ್ಮ ಎಂಬ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಅಮರೇಶನ ಕಣ್ಣ ಮುಂದೆ ಬಂದವಳು ಹಣೆ ತುಂಬ ವಿಭೂತಿ ಹಚ್ಚಿಕೊಂಡು ರೊಟ್ಟಿ ಬಡಿಯುವ ಒಬ್ಬ ಅಜ್ಜಿ. ಎಲೆಕ್ಟ್ರಾನಿಕ್ ಸಿಟಿಯ ಆ ಕಂಪನಿಗೆ ಸೇರಿದ ದಿನ ಮ್ಯಾನೇಜರ್ ವಿನಾಯಕ್, "ನಿನ್ನ ಕೋಡೆಲ್ಲಾ ಶಿವಲಿಂಗಮ್ಮ ರಿವ್ಯೂ ಮಾಡ್ತಾರೆ ಗುರು, ರೆಡಿಯಾಗಿರು" ಅಂದಾಗ, ಹೊಸಬರನ್ನು ಗೋಳು ಹುಯ್ದುಕೊಳ್ಳುವ ತಮಾಷೆ ಇದು ಅಂದುಕೊಂಡು ಅಮರೇಶ ಹಲ್ಲು ಕಿರಿದಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಹಲ್ಲು ಒಳಗೆ ಹೋಗಿತ್ತು. ಎದುರಿಗೆ ಕೂತಿದ್ದವರು ನಲವತ್ತು ದಾಟಿದ ಹೆಂಗಸು. ಕಾಟನ್ ಚೂಡಿದಾರ, ಮೇಲೆ ಕಂಪನಿಯ ಜಾಕೆಟ್ಟು, ಕೂದಲ ಗಂಟಿಗೆ ಸಿಕ್ಕಿಸಿದ ಒಂದು ಪೆನ್ಸಿಲ್ಲು. ಅವನು ಬೆಳಗ್ಗೆಯೆಲ್ಲ ಕಷ್ಟಪಟ್ಟು ಬರೆದ ಕೋಡನ್ನು ಸರಸರ ಕೆಳಗೆ ಸರಿಸಿ, ಕೊನೆಯ ಸಾಲಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಓದತೊಡಗಿದ್ದರು.

"ಅಕ್ಕಾರ, ಶುರು ಮ್ಯಾಲಿಂದ ಐತ್ರಿ," ಅಂದ ಅಮರೇಶ. ಸಿಂಧನೂರಿನವನಿಗೆ, 'ಬಾ, ಕೂಡು' ಎಂದ ಅವರ ರಾಣೆಬೆನ್ನೂರಿನ ಮಾತು ಕೇಳಿದ ಕೂಡಲೇ ಬೆಂಗಳೂರಿನ ಭಾಷೆ ಮರೆತುಹೋಗಿತ್ತು.

"ಶುರು ಎಲ್ಲಾರೂ ಛಲೋ ಬರೀತಾರ ತಮ್ಮಾ," ಅಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಎದ್ದು ಹೋಗೋ ಮುಂದ ಹೆಂಗ ಹೋಗ್ತಾರ ಅಂತ ನಾ ನೋಡ್ತೀನಿ."

ಇದರ ಮೂಲ ಅವನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಕ್ಯಾಂಟೀನಿನಲ್ಲಿ. ಶಿವಲಿಂಗಮ್ಮನವರ ತಂದೆಗೆ ರಾಣೆಬೆನ್ನೂರಿನಲ್ಲಿ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ ಇತ್ತಂತೆ. ಹಂಡೆ, ಕೊಳಗ, ಬಕೆಟ್ಟು, ಆಳೆತ್ತರದ ಸೌಟು. ಒಯ್ಯುವಾಗ ಬೀಗರೂ ಸೇರಿ ಎಲ್ಲರೂ ನಗುನಗುತ್ತಾ ಒಯ್ಯುತ್ತಿದ್ದರು. ಮದುವೆ ಮುಗಿದು ಎರಡು ದಿನಕ್ಕೆ ವಾಪಸ್ ಬರುವಾಗ ಬೇರೆಯದೇ ಕತೆ. ತಳದಲ್ಲಿ ಪಾಯಸ ಹಿಡಿದ ಹಂಡೆ, ಹಿಡಿ ಇಲ್ಲದ ಬಕೆಟ್ಟು, ಯಾರ ಮನೆಯದೋ ತಿಳಿಯದ ಒಂದು ಚೊಂಬು. ಹುಡುಗಿ ಶಿವಲಿಂಗಮ್ಮನಿಗೆ ಅಂಗಡಿಯ ಹೊಸ್ತಿಲಲ್ಲಿ ಕೂತು ಬಂದದ್ದನ್ನೆಲ್ಲ ತಿರುಗಿಸಿ ಮುರುಗಿಸಿ ನೋಡುವ ಕೆಲಸ. ಆಮೇಲೆ ದಾವಣಗೆರೆಯಲ್ಲಿ ಇಂಜಿನಿಯರಿಂಗು, ಪೀಣ್ಯದ ಒಂದು ಶೆಡ್ಡಿನಲ್ಲಿ ಮೋಟಾರು ಓಡಿಸುವ ಪುಟ್ಟ ಪ್ರೋಗ್ರಾಮುಗಳು, ಅಲ್ಲೇ ಪಕ್ಕದ ಟೂಲ್‌ರೂಮಿನ ಈರಣ್ಣನ ಜೊತೆ ಮದುವೆ. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬಂದು, ಈ ಕಂಪನಿಯ ಟೆಸ್ಟಿಂಗ್ ವಿಭಾಗ ಸೇರಿ, ಬೇರೆಯವರ ಕೋಡನ್ನು ಕೆಡವುತ್ತಾ ಕೆಡವುತ್ತಾ ಒಂದು ದಿನ ಅದನ್ನು ಬರೆಯುವವರ ಸಾಲಿಗೇ ಬಂದು ಕೂತಿದ್ದರು. ಮೇಲ್‌ನಲ್ಲಿ ಅವರ ಹೆಸರು ನೋಡಿ ಹೊರದೇಶದವರು ಬಹಳ ಕಾಲ 'ಮಿಸ್ಟರ್ ಶಿವ' ಅಂತಲೇ ಬರೆಯುತ್ತಿದ್ದರಂತೆ. ತಿದ್ದುವ ಗೋಜಿಗೆ ಇವರು ಹೋಗಲಿಲ್ಲ. "ಮಿಸ್ಟರ್ ಹುಡುಕಿದ್ರೂ ತಪ್ಪು ತಪ್ಪ ಅಲ್ಲೇನು," ಅನ್ನುತ್ತಿದ್ದರು.

ಅಮರೇಶನ ಚರಿತ್ರೆ ಇದಕ್ಕಿಂತ ಬಹಳ ಚಿಕ್ಕದು. ಇಂಟರ್ನೆಟ್ಟಿನಲ್ಲಿ ಅವನು ತನ್ನ ಫೋಟೋದ ಕೆಳಗೆ 'ಕರ್ನಲ್ ಇಂಜಿನಿಯರ್' ಎಂದು ಹಾಕಿಕೊಂಡಿದ್ದ. ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲವನ್ನೂ ನಡೆಸುವ ಆ ಕರ್ನಲ್ಲಿಗೆ ಅವನ ಕೊಡುಗೆ ಎಂದರೆ, ಅಲ್ಲಿಯವರೆಗೆ, ಒಂದು ಖಾಲಿ ಸಾಲನ್ನು ಇದ್ದ ಜಾಗದಿಂದ ಕೆಳಗೆ ಸರಿಸಿದ್ದು. ಅದನ್ನೂ ಜಗತ್ತಿನ ಇನ್ನೊಂದು ಮೂಲೆಯವನೊಬ್ಬ ವಾಪಸ್ ಮೇಲಕ್ಕೆ ಸರಿಸಿದ್ದ. ಉಳಿದಂತೆ ಅವನ ನಿಜವಾದ ಕೆಲಸ, ಸತ್ತುಹೋದ ಮೆಷಿನ್ನುಗಳ ಬಟನ್ ಒತ್ತಲು ಲ್ಯಾಬಿಗೆ ನಡೆದುಕೊಂಡು ಹೋಗುವುದು. ಅವನ ವಾಚು ಅದನ್ನು ವ್ಯಾಯಾಮ ಎಂದು ತಿಳಿದು ಆಗಾಗ ಶಹಬ್ಬಾಸ್ ಹೇಳುತ್ತಿತ್ತು. ಅವನಿಗೆ ಸಿಗುತ್ತಿದ್ದ ಶಹಬ್ಬಾಸು ಹೆಚ್ಚುಕಡಿಮೆ ಅದೊಂದೇ.

ಆದರೂ ಆ ಕೆಲಸವೆಂದರೆ ಅವನಿಗೆ ಪ್ರಾಣ. ಅವರ ತಂಡ ನೋಡಿಕೊಳ್ಳುತ್ತಿದ್ದದ್ದು ಒಂದು ವಿಚಿತ್ರ ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನು, ಅಂದರೆ ಆ ಕಾರ್ಡನ್ನು ನಡೆಸುವ ಕೋಡನ್ನು. ಸಾಮಾನ್ಯ ಕಾರ್ಡು ಬಂದ ಮಾಹಿತಿಯನ್ನು ಬಾಗಿಲಲ್ಲಿಟ್ಟು ಬೆಲ್ ಒತ್ತುತ್ತದೆ. ಒಳಗಿನ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದು ತೆಗೆದುಕೊಳ್ಳಬೇಕು. ಈ ಕಾರ್ಡಿಗೆ ಬೆಲ್ಲೂ ಬೇಡ, ಬಾಗಿಲೂ ಬೇಡ. ಆ ಮೆಷಿನ್ನಿನ ಕಾರ್ಡು ಈ ಮೆಷಿನ್ನಿನ ಮೆಮೊರಿಯೊಳಗೇ ನೇರ ಬಂದು ಇಟ್ಟು ಹೋಗುತ್ತದೆ. ಮನೆಯ ಯಜಮಾನನಿಗೆ ಸುದ್ದಿಯೇ ಇಲ್ಲ. ಡ್ರೈವರಿನ ಕೆಲಸ, ಮೆಮೊರಿಯಲ್ಲಿ ಇಷ್ಟು ಜಾಗ ನಿನ್ನದು ಎಂದು ಕಾರ್ಡಿಗೆ ಒಂದು ಕೀಲಿ ಕೊಡುವುದು, ಕೆಲಸವಾದ ಮೇಲೆ ಕೀಲಿ ವಾಪಸ್ ಪಡೆದು ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುವುದು. ಇದನ್ನು ಅರ್ಥ ಮಾಡಿಕೊಳ್ಳಲು ಅಮರೇಶನಿಗೆ ಪುಸ್ತಕವೇನೂ ಬೇಕಿರಲಿಲ್ಲ. ಹೆಬ್ಬಗೋಡಿಯಲ್ಲಿ ಅವನಿದ್ದ ಬಾಡಿಗೆ ರೂಮಿನ ಒಡತಿ ಮುನಿಯಕ್ಕ ಇದೇ ಪದ್ಧತಿಯಲ್ಲಿ ನಡೆದುಕೊಳ್ಳುತ್ತಿದ್ದರು. ಇನ್ನೊಂದು ಕೀಲಿ ಅವರ ಹತ್ತಿರವಿತ್ತು. ಅವನಿರಲಿ ಬಿಡಲಿ, ಒಳಗೆ ಹೋಗಿ ಅವನ ಪಾತ್ರೆಗೆ ಬಸ್ಸಾರು ಬಗ್ಗಿಸಿ ಬರುತ್ತಿದ್ದರು. ಅವನು ಬಂದು ಮುಚ್ಚಳ ತೆಗೆದರೆ ಊಟ ಸಿದ್ಧ.

ಲ್ಯಾಬಿನಲ್ಲಿ ಪರೀಕ್ಷೆಗೆಂದು ಒಂದಕ್ಕೊಂದು ಕೇಬಲ್ಲಿನಿಂದ ಜೋಡಿಸಿದ ಎರಡು ಮೆಷಿನ್ನುಗಳಿದ್ದವು. ಹಿಂದಿನ ಯಾರೋ ಹಸಿದವರು ಅವಕ್ಕೆ ವಡೆ, ಸಾಂಬಾರ್ ಎಂದು ಹೆಸರಿಟ್ಟಿದ್ದರು. ವಡೆ ಸಾಂಬಾರಿನ ಮೆಮೊರಿಗೆ ಬರೆಯಬೇಕು. ಬರೆಯುತ್ತಿರುವಾಗ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಒಮ್ಮೊಮ್ಮೆ, ಬರೀ ಒಮ್ಮೊಮ್ಮೆ, ಸಾಂಬಾರ್ ಮೆಷಿನ್ನು ಬಿದ್ದು ಸಾಯುತ್ತಿತ್ತು. ಗಿರಾಕಿಯೊಬ್ಬರ ಹತ್ತಿರವೂ ಇದೇ ಆಗುತ್ತಿದೆ ಎಂದು ದೂರು ಬಂದಿತ್ತು. ಈ ಡ್ರೈವರಿನ ಕೋಡು ಕರ್ನಲ್ಲಿನ ಜೊತೆ ಜಗತ್ತಿಗೆಲ್ಲ ಹೋಗುವಂಥದ್ದು. ರಿಪೇರಿಯೂ ಅದೇ ದಾರಿಯಲ್ಲಿ, ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿನ ಮೂಲಕ, ಈ ಭಾಗದ ಉಸ್ತುವಾರಿ ಹೊತ್ತ ಹೊರದೇಶದ ಒಬ್ಬ ಮೇಂಟೇನರ್ ಒಪ್ಪಿದ ಮೇಲೆಯೇ ಹೋಗಬೇಕು. ಆತ ಈ ಸುತ್ತಿನ ಬದಲಾವಣೆಗಳಿಗೆ ಬಾಗಿಲು ಮುಚ್ಚಲು ಹೆಚ್ಚು ದಿನ ಉಳಿದಿರಲಿಲ್ಲ.

ವಿನಾಯಕ್ ಅಮರೇಶನನ್ನು ಲಿಫ್ಟಿನ ಬಳಿ ಹಿಡಿದು ವಿಷಯ ಹೇಳಿದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ನಿಂತುಕೊಂಡೇ ಹೇಳುತ್ತಿದ್ದ. "ನೋಡು ಮಗಾ, ಈ ಬಗ್ ನೀನು ಈ ರೌಂಡಲ್ಲಿ ಮುಗಿಸಿದ್ರೆ ಇಲ್ಲೇ ಇರ್ತೀಯ. ಇಲ್ಲಾಂದ್ರೆ ಡ್ಯಾಶ್‌ಬೋರ್ಡ್ ಟೀಮಲ್ಲಿ ಜನ ಕೇಳ್ತಾ ಇದಾರೆ, ನಾನು ಇಲ್ಲ ಅನ್ನಕ್ಕಾಗಲ್ಲ."

ಡ್ಯಾಶ್‌ಬೋರ್ಡ್ ಟೀಮೆಂದರೆ ಮೂರನೇ ಮಹಡಿ. ಅಲ್ಲಿ ದೊಡ್ಡ ಟಿವಿಯ ಮೇಲೆ ಹಸಿರು ಚುಕ್ಕೆ, ಕೆಂಪು ಚುಕ್ಕೆ ಮೂಡಿಸುತ್ತಾರೆ. ಯಾವ ಹಸಿರು ಎಂಬುದರ ಬಗ್ಗೆ ಮೀಟಿಂಗ್ ನಡೆಯುತ್ತದೆ. ಒಂದು ವರ್ಷ ಕಷ್ಟಪಟ್ಟು ವಡೆ, ಸಾಂಬಾರ್ ಕಲಿತ ಮೇಲೆ ಚುಕ್ಕೆ ಇಡುವುದೇ? ಅಮರೇಶ ಬಂದ ಲಿಫ್ಟನ್ನು ಬಿಟ್ಟು ನೇರ ಲ್ಯಾಬಿಗೆ ನಡೆದ.

ಅವನು ಮೊದಲು ಮಾಡಿದ್ದು, ಇಂಥ ಕೆಲಸದಲ್ಲಿ ಎಲ್ಲರೂ ಮಾಡುವುದನ್ನೇ. ಕೋಡು ಎಲ್ಲಿಯವರೆಗೆ ಓಡುತ್ತದೆ ನೋಡೋಣ ಎಂದು ನಡುವೆ ಒಂದು ಪ್ರಿಂಟ್ ಸಾಲು ಹಾಕಿದ. 'ಇಲ್ಲಿಗೆ ಬಂದೆ' ಎಂದು ಹೇಳುವುದಷ್ಟೇ ಅದರ ಕೆಲಸ. ಅದರ ಜೊತೆಗೆ, ಅನುಮಾನದ ಮೇಲೆ, ಎರಡು ಸಾಲುಗಳನ್ನು ಅದಲುಬದಲು ಮಾಡಿದ. ಬೆಳಗ್ಗೆಯಿಂದ ಸಂಜೆಯವರೆಗೆ ಕೇಬಲ್ ಕಿತ್ತ, ಸಿಕ್ಕಿಸಿದ. ಸಾಂಬಾರ್ ಬೀಳಲೇ ಇಲ್ಲ. ಅಮರೇಶ ತನ್ನ ಅದಲುಬದಲನ್ನು ಒಂದು ಮಹಾ ಸಂಶೋಧನೆಯಂತೆ ನಾಲ್ಕು ಪ್ಯಾರಾದಲ್ಲಿ ವಿವರಿಸಿ ಶಿವಲಿಂಗಮ್ಮನವರಿಗೆ ಕಳಿಸಿದ. ಮಾರನೆಯ ದಿನ ಬರುವಾಗ ಎರಡು ಡಬ್ಬಿ ಮೈಸೂರುಪಾಕನ್ನೂ ಹಿಡಿದು ಬಂದ. ಇಡೀ ಮಹಡಿಗೆ ಹಂಚಿದ. ಸೆಕ್ಯೂರಿಟಿಯವರಿಗೂ ಕೊಟ್ಟ. ಯಾಕೆ ಸಾರ್, ಮದುವೆನಾ ಎಂದು ಅವರು ಕೇಳಿದ್ದಕ್ಕೆ ನಾಚಿಕೊಂಡು, ಅದಕ್ಕಿಂತ ದೊಡ್ಡದು ಅಂದ.

ಶಿವಲಿಂಗಮ್ಮ ಮೈಸೂರುಪಾಕಿನ ಮೂಲೆ ಕಚ್ಚಿ, ಕೋಡಿನ ಬುಡದಿಂದ ಮೇಲಕ್ಕೆ ಬಂದು, ನಡುವೆ ನಿಂತರು. ಆ ಪ್ರಿಂಟ್ ಸಾಲು ತೆಗೆದು ಓಡಿಸಿದಿಯೇನು ಎಂದು ಕೇಳಿದರು.

ಅದು ಬರೀ ನೋಡೋಕೆ ಹಾಕಿದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದ ಅಮರೇಶ.

ತೆಗಿ, ಎಂದರು.

ತೆಗೆದ. ಇಬ್ಬರೂ ಲ್ಯಾಬಿಗೆ ಹೋದರು. ಕೇಬಲ್ ಕಿತ್ತು ಸಿಕ್ಕಿಸಿದ. ಅವರ ಕೈಯಲ್ಲಿದ್ದ ಮೈಸೂರುಪಾಕ್ ಅರ್ಧವೂ ಮುಗಿದಿರಲಿಲ್ಲ, ಸಾಂಬಾರ್ ಬಿತ್ತು. ಅದಲುಬದಲಿನಿಂದ ಏನೂ ಆಗಿರಲಿಲ್ಲ. ಮಹಾ ಸಂಶೋಧನೆಯನ್ನು ಮಾಡಿದ್ದು ಆ ಪ್ರಿಂಟ್ ಸಾಲು. ಅದನ್ನು ಬರೆಯುವಷ್ಟು ಹೊತ್ತು ಕೋಡು ತಡವಾಗುತ್ತಿತ್ತು, ಅಷ್ಟರಲ್ಲಿ ಎಲ್ಲಿಯೋ ಏನೋ ತಾನಾಗಿ ಸರಿಹೋಗುತ್ತಿತ್ತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಜನ ಬಾಯಿ ತುಂಬಿಕೊಂಡು ಅವನಿಗೆ ಅಭಿನಂದನೆ ಹೇಳಿದರು. ಅವನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಬೇರೇನು ಮಾಡಲು ಸಾಧ್ಯ? ತಿಂದವರ ಬಾಯಿಂದ ಮೈಸೂರುಪಾಕ್ ವಾಪಸ್ ಕೇಳಲಾಗುತ್ತದೆಯೇ?

"ಒಂದು ಛಲೋ ಆತು ನೋಡು," ಅಂದರು ಶಿವಲಿಂಗಮ್ಮ, ಬೆರಳಿಗಂಟಿದ ತುಪ್ಪ ಒರೆಸಿಕೊಳ್ಳುತ್ತಾ. "ಸ್ವಲ್ಪ ಕಾದ್ರ ಬೀಳಂಗಿಲ್ಲ ಅಂತ ಗೊತ್ತಾತು. ಯಾರಿಗೆ ಕಾಯಬೇಕು ಅನ್ನೋದಷ್ಟು ಹುಡುಕು."

ಮೂರು ದಿನ ಹುಡುಕಿದ. ಸಿಗಲಿಲ್ಲ. ಕನಸಿನಲ್ಲಿ ಹಸಿರು ಚುಕ್ಕೆಗಳು ಬರತೊಡಗಿದವು.

ಇದೇ ದಿನಗಳಲ್ಲಿ ಅವನಿಗೆ ಇನ್ನೊಂದು ಸಂಕಟವೂ ಇತ್ತು. ಬಗ್ಗಿನ ಚಿಂತೆಯಲ್ಲಿ ರೂಮಿನ ಪಾತ್ರೆ ತೊಳೆಯುವುದು ನಿಂತುಹೋಗಿತ್ತು. ಮುನಿಯಕ್ಕ ಬಂದರೆ ಅದನ್ನೆಲ್ಲ ನೋಡುತ್ತಾರಲ್ಲ ಎಂಬ ನಾಚಿಕೆಗೆ, ಇನ್ನೊಂದು ಕೀಲಿ ನನಗೇ ಬೇಕಾಗಿತ್ತು, ಸ್ನೇಹಿತ ಬರುತ್ತಾನೆ ಎಂದು ಏನೋ ಸುಳ್ಳು ಹೇಳಿ ಕೇಳಿಟ್ಟಿದ್ದ. ರೂಮಿದ್ದದ್ದು ತಾರಸಿಯ ಮೇಲೆ. ಬಚ್ಚಲು ಹೊರಗೆ, ನೀರಿನ ಟ್ಯಾಂಕಿನ ಕೆಳಗೆ. ಬೆಳಗ್ಗೆ ಅವನು ಸ್ನಾನ ಮಾಡುತ್ತಿದ್ದಾಗ ಮುನಿಯಕ್ಕನ ಸೊಸೆ ಮಹಾಲಕ್ಷ್ಮಿ ಹೊರಗಿನಿಂದ ಕೂಗಿ, ಅತ್ತೆ ಕೀಲಿ ಕೊಡೋಕೆ ಹೇಳಿದ್ರು, ಬಚ್ಚಲ ಕಿಟಕಿ ಮೇಲಿಟ್ಟಿದೀನಿ ಎಂದು ಹೇಳಿ ಇಳಿದು ಹೋದಳು. ಅಮರೇಶನಿಗೆ ನೆಮ್ಮದಿಯಾಯಿತು. ಇನ್ನು ಆ ರೂಮು ಪೂರ್ತಿ ತನ್ನದು. ಟವೆಲ್ ಸುತ್ತಿಕೊಂಡು, ಕೀಲಿ ಗಿರಗಿರ ತಿರುಗಿಸುತ್ತಾ, ಗಂಟಲು ಬಿಟ್ಟು ಹಾಡುತ್ತಾ ಒಳಗೆ ಹೋದ.

ಮುನಿಯಕ್ಕ ಅವನ ಅಡುಗೆಕಟ್ಟೆಯ ಮುಂದೆ ಸಾರಿನ ಪಾತ್ರೆ ಹಿಡಿದು ನಿಂತಿದ್ದರು. ಒಳಗೆ ಹೋದ ಮೇಲೆಯೇ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟು ಕಳಿಸಿದ್ದರು. ಸಾರು ಬಗ್ಗಿಸಲು ಒಂದೂ ತೊಳೆದ ಪಾತ್ರೆ ಸಿಗದೆ, ಕೊನೆಗೆ ಕಟ್ಟೆಯ ಮೇಲಿದ್ದ ಅವನ ಟೀ ಲೋಟಕ್ಕೇ ಬಗ್ಗಿಸತೊಡಗಿದ್ದರು.

"ಇಂಗಾ ಮಡೀಕೊಳಾದು ಪಾತ್ರೆನಾ? ಅಂದಿ ಗೂಡಾದ್ರೂ ವಾಸಿ ಕಣಪ್ಪೋ," ಅಂದರು. ಟವೆಲ್ಲನ್ನಾಗಲಿ ಹಾಡನ್ನಾಗಲಿ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಮರೇಶ ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಕೀಲಿ ಹಿಡಿದು ನಿಂತ. ಕೀಲಿ ವಾಪಸ್ ಬಂದಿದೆ. ಒಳಗಿದ್ದವರು ಹೊರಗೆ ಬಂದಿಲ್ಲ. ಕೀಲಿ ಸಿಕ್ಕಿದ್ದೇ ತಡ ಜಾಗ ಖಾಲಿ ಎಂದು ತಿಳಿದವನು ತಾನು. ಅವರು ಇನ್ನೂ ಬಗ್ಗಿಸುತ್ತಲೇ ಇದ್ದಾರೆ, ಸಾರಿನ ಪಾತ್ರೆಗಲ್ಲ, ಟೀ ಲೋಟಕ್ಕೆ. ಅವನ ಮುಖದ ಮೇಲೆ ಏನು ಮೂಡಿತೋ, ಮುನಿಯಕ್ಕನೇ ಗಾಬರಿಯಾಗಿ, "ಯಾಕ್ಲಾ, ಉಸಾರಿಲ್ವಾ?" ಎಂದು ಕೇಳಿದರು. ಉಷಾರಾಗಿದೀನಿ ಮುನಿಯಕ್ಕ, ಈಗ ಉಷಾರಾದೆ ಎಂದು ಹೇಳಿ, ಅವರು ಹೋಗುವವರೆಗೂ ಕಾದು, ಬಟ್ಟೆ ಹಾಕಿಕೊಂಡು ಆಫೀಸಿಗೆ ಓಡಿದ.

ಹೌದು, ಅದೇ. ಮಾಮೂಲಿ ದಾರಿಯಲ್ಲಿ ಡ್ರೈವರು ಕಾರ್ಡಿನಿಂದ ಕೀಲಿ ಕಿತ್ತುಕೊಂಡು, 'ಎಲ್ಲಾ ಮುಗೀತಾ?' ಎಂದು ಕೇಳಿ, ಕಾರ್ಡು ಹೂಂ ಅಂದ ಮೇಲೆಯೇ ಮೆಮೊರಿಯನ್ನು ಬೇರೆಯವರಿಗೆ ಕೊಡುತ್ತಿತ್ತು. ಆದರೆ ಕೇಬಲ್ ಕಿತ್ತಾಗ ಹಿಡಿಯುವ ಪಕ್ಕದ ದಾರಿಯೊಂದಿತ್ತು. ಅಲ್ಲಿ ಕೀಲಿ ಕಿತ್ತುಕೊಂಡದ್ದೇ ತಡ, ಕೇಳದೆ ಮಾಡದೆ ಜಾಗ ಬಿಟ್ಟುಕೊಡುತ್ತಿತ್ತು. ಕಾರ್ಡಿನ ಒಳಗೆ ಆಗಲೇ ಹೊರಟಿದ್ದ ಮಾಹಿತಿ ಆಮೇಲೆ ಬಂದು ಯಾರದೋ ಜಾಗದ ಮೇಲೆ ಬೀಳುತ್ತಿತ್ತು. ಅಮರೇಶ ಅಲ್ಲೂ ಕಾಯುವಂತೆ ಮಾಡಿದ. ನಾಲ್ಕು ಸಾಲು. ಪ್ರಿಂಟ್ ಇಲ್ಲದೆ ಓಡಿಸಿದ. ವಡೆಯಿಂದ ಹರಿಸಿ ಹರಿಸಿ, ಕೇಬಲ್ ಕಿತ್ತು ಕಿತ್ತು ಬೆರಳು ನೋಯುವವರೆಗೆ ನೋಡಿದ. ಸಾಂಬಾರ್ ಅಲುಗಲಿಲ್ಲ. ಈ ಸಲ ಸಿಹಿ ತರಲಿಲ್ಲ.

ಇನ್ನು ಉಳಿದಿದ್ದು ಒಂದು ಸಾಲು.

ಈ ಲೋಕದಲ್ಲೊಂದು ಪದ್ಧತಿಯಿದೆ. ಏನಾದರೂ ಸರಿಪಡಿಸಿದರೆ, ಆ ತಪ್ಪು ಹಿಂದೆ ಯಾವ ಬದಲಾವಣೆಯಿಂದ ಒಳಗೆ ಬಂತು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಬೇಕು. 'ಫಿಕ್ಸಸ್' ಎಂದು ಶುರುವಾಗುತ್ತದೆ. ಹಳೆಯ ಬದಲಾವಣೆಯ ಗುರುತು, ಅದರ ಶೀರ್ಷಿಕೆ. ಬರೆದವರ ಹೆಸರು ಅದರೊಳಗಿರುವುದಿಲ್ಲ, ನಿಜ. ಆದರೆ ಯಾರು ಬೇಕಾದರೂ ಒಂದು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಸಾಲದ್ದಕ್ಕೆ ಬರೆದವರಿಗೂ ಆ ಮೇಲ್ ಹೋಗಬೇಕು. ಅಮರೇಶ ಆ ಪಕ್ಕದ ದಾರಿ ಯಾರು ಮಾಡಿದ್ದು ಎಂದು ಕೇಳುವ ಆಜ್ಞೆ ಒತ್ತಿದ. ಎಂಟು ವರ್ಷ ಹಿಂದಿನ ಬದಲಾವಣೆ ಬಂತು. 'ಇಲ್ಲಿ ಕಾಯುವ ಅಗತ್ಯವಿಲ್ಲ, ಕಾರ್ಡಿನ ಕೈಯಲ್ಲಿ ಏನೂ ಬಾಕಿ ಇರುವುದಿಲ್ಲ' ಎಂಬ ಅರ್ಥದ ಟಿಪ್ಪಣಿ. ಅದರ ಪಕ್ಕ ಹೆಸರು: ಶಿವಲಿಂಗಮ್ಮ.

ಅಮರೇಶ ಪರದೆಯನ್ನು ಮಡಚಿಟ್ಟು ಹೋಗಿ ಒಂದು ಲೋಟ ನೀರು ಕುಡಿದು ಬಂದ.

ಅವನ ಮನೆಯಲ್ಲಿ ಹಿರಿಯರ ಹೆಸರನ್ನು ಅವರ ಎದುರಿಗೆ ಹೇಳುವವರಿಲ್ಲ. ದೊಡ್ಡಪ್ಪ ಉಪ್ಪಿಲ್ಲದ ಪಲ್ಯ ಮಾಡಿದರೆ, ಇವತ್ತು ಉಪ್ಪು ಯಾಕೋ ಹಿಂದೆ ಬಿದ್ದೈತಿ ಎಂದು ಉಪ್ಪಿನ ಮೇಲೆಯೇ ಹೊರಿಸುವ ಮನೆ ಅದು. ಅಂಥಲ್ಲಿ ಬೆಳೆದವನು, ತನಗೆ ಕೆಲಸ ಕಲಿಸಿದವರ ತಪ್ಪನ್ನು ಜಗತ್ತಿನ ಮೂಲೆಮೂಲೆಯ ಜನ ಓದುವ ಲಿಸ್ಟಿನಲ್ಲಿ ಹಾಕಿ, ಅದರ ಪ್ರತಿಯನ್ನು ಅವರಿಗೇ ಕಳಿಸಬೇಕಂತೆ. ಆಗಲಿಲ್ಲ. ಅಮರೇಶ ತನ್ನ ದೊಡ್ಡಪ್ಪನ ಪಲ್ಯದ ಶೈಲಿಯಲ್ಲೇ ವಿವರಣೆ ಬರೆದ. 'ಕೆಲವು ಸಂದರ್ಭಗಳಲ್ಲಿ ಕಾಯುವುದು ಆಗದೆ ಇದ್ದಿರುವುದು ಕಂಡುಬಂದಿರುತ್ತದೆ.' ಯಾರು ಕಾಯಲಿಲ್ಲ, ಯಾವಾಗಿನಿಂದ, ಒಂದೂ ಇಲ್ಲ. ಫಿಕ್ಸಸ್ ಸಾಲು ಬರೆಯಲಿಲ್ಲ. ತನ್ನ ನಯನಾಜೂಕಿಗೆ ತಾನೇ ಮೆಚ್ಚಿ, ಕಳಿಸಿದ.

ಶಿವಲಿಂಗಮ್ಮ ಎಂದಿನಂತೆ ಬುಡದಿಂದ ಓದಲು ಹೋದರು. ಬುಡದಲ್ಲೇ ಇರಬೇಕಾದ ಸಾಲು ಇರಲಿಲ್ಲ.

"ಫಿಕ್ಸಸ್ ಎಲ್ಲೈತಿ?"

ಬಹಳ ಹಳೆಯದಿರಬೇಕು ಅಕ್ಕಾರ, ಅದಕ್ಕೇ ಬಿಟ್ಟೆ ಎಂದ. ಹಳೆಯದಾದರೆ ಬರೆಯಲೇಬೇಕಲ್ಲ ಎಂದರು ಅವರು. ಹಳೆಯ ಕರ್ನಲ್ಲುಗಳನ್ನು ನೋಡಿಕೊಳ್ಳುವವರು ಆ ಸಾಲನ್ನು ನೋಡಿಯೇ ಇದು ತಮ್ಮಲ್ಲೂ ಇದೆಯೋ ಇಲ್ಲವೋ ಎಂದು ತಿಳಿಯುವುದು. ದೂರು ಕೊಟ್ಟ ಗಿರಾಕಿ ಓಡಿಸುತ್ತಿರುವುದೂ ಹಳೆಯದನ್ನೇ. ಆ ಸಾಲಿಲ್ಲದಿದ್ದರೆ ಹೊಸಬರಿಗೆ ಮಾತ್ರ ರಿಪೇರಿ, ಕೇಳಿಕೊಂಡು ಬಂದವರ ಮೆಷಿನ್ನು ಬೀಳುತ್ತಲೇ ಇರುತ್ತದೆ.

"ಯಾರದಂತ ಸಿಗಲಿಲ್ರಿ," ಅಂದ ಅಮರೇಶ. ಈ ಕೆಲಸದಲ್ಲಿರುವವನು ಹೇಳಬಹುದಾದ ಅತ್ಯಂತ ಪೆದ್ದು ಸುಳ್ಳು ಅದು. ಒಂದೇ ಒಂದು ಆಜ್ಞೆ ಒತ್ತಿದರೆ ಸಿಗುವಂಥದ್ದು. ಶಿವಲಿಂಗಮ್ಮ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು.

"ಅಕ್ಕಾರ, ಬ್ಯಾಡ್ರಿ," ಅಂದ. ಬಾಯಿಂದ ಬಂದೇಬಿಟ್ಟಿತು.

ಅವರು ಅವನನ್ನೊಮ್ಮೆ ನೋಡಿ, ಒತ್ತಿದರು. ಪರದೆಯ ಮೇಲೆ ಅವರದೇ ಹೆಸರು ಬಂತು.

ಶಿವಲಿಂಗಮ್ಮ ತಮ್ಮದೇ ಹಳೆಯ ಟಿಪ್ಪಣಿಯನ್ನು ಓದಿದರು, ಇನ್ನೊಮ್ಮೆ ಓದಿದರು. ಆ ಹೊತ್ತಿಗೆ ಸರಿಯಾಗಿ ವಿನಾಯಕ್ ಬಂದು ಪಾರ್ಟಿಷನ್ ಮೇಲೆ ಗದ್ದ ಊರಿ, ನಾಳೆ ಬಾಗಿಲು ಮುಚ್ತಾರೆ, ಇವತ್ತು ಕಳಿಸಲೇಬೇಕು, ಆಯ್ತಾ ಎಂದು ಕೇಳಿದ. ಆಗಿಲ್ಲ, ನಾನು ಒಪ್ಪಿಲ್ಲ ಎಂದರು ಶಿವಲಿಂಗಮ್ಮ. ವಿನಾಯಕ್ ಪರದೆ ನೋಡಿದ, ಹೆಸರು ನೋಡಿದ, ತಕ್ಷಣ ಅರ್ಥ ಮಾಡಿಕೊಂಡ. ಒಳ್ಳೆಯ ಮನುಷ್ಯನಲ್ಲವೇ. ಆ ಸಾಲು ಬೇಡ ಬಿಡಿ ಮೇಡಂ, ಕೋಡ್ ಸರಿಯಿದೆಯಲ್ಲ, ಹಳೇ ಕರ್ನಲ್‌ದು ಮುಂದೆ ನೋಡ್ಕೊಳ್ಳೋಣ ಅಂದ. ಅಮರೇಶನಿಗೆ ಜೀವ ಬಂದಂತಾಯಿತು. ಎಲ್ಲರಿಗೂ ಮರ್ಯಾದೆ ಉಳಿಯುವ, ಮೂರನೇ ಮಹಡಿ ತಪ್ಪುವ ದಾರಿ.

"ಆ ಸಾಲಿಲ್ಲ ಅಂದ್ರ ನನ್ನ ಹೆಸರೂ ಇಲ್ಲ," ಅಂದರು ಶಿವಲಿಂಗಮ್ಮ. ಅವರ ಒಪ್ಪಿಗೆಯ ಹೆಸರಿಲ್ಲದೆ ಕಳಿಸಿದರೆ ಆ ಮೇಂಟೇನರ್ ಮುಟ್ಟಿಯೂ ನೋಡುವುದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು. ವಿನಾಯಕ್ ಗದ್ದ ತೆಗೆದು, ಅಮರೇಶನ ಕಡೆ ಪಾಪದ ನೋಟ ಬೀರಿ ಹೊರಟುಹೋದ.

ಶಿವಲಿಂಗಮ್ಮನವರ ಮಾತಿನಲ್ಲಿ ಸಿಟ್ಟಿದೆಯೋ ನೋವಿದೆಯೋ ಅಮರೇಶನಿಗೆ ತಿಳಿಯಲಿಲ್ಲ. ತಲೆ ತಗ್ಗಿಸಿ, ನಿಮ್ಮದು ಅಂತ ಗೊತ್ತಾಗಿತ್ತು ಅಕ್ಕಾರ, ಬರೆಯೋಕೆ ಕೈ ಬರಲಿಲ್ಲ ಎಂದ. ಆಗ ಅವರ ಹೆಗಲು ಅಲುಗಿದ್ದು ಕಂಡಿತು. ಅಳುತ್ತಿದ್ದಾರೆ ಎಂದುಕೊಂಡ. ತಲೆಯೆತ್ತಿ ನೋಡಿದರೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಕೂದಲ ಗಂಟಿನ ಪೆನ್ಸಿಲ್ಲು ಜಾರಿ ಬೀಳುವ ಹಾಗೆ.

"'ಕಂಡುಬಂದಿರುತ್ತದೆ' ಅಂತ," ಎಂದು ಅವನ ವಿವರಣೆಯನ್ನೇ ಓದಿ ಮತ್ತೆ ನಕ್ಕರು. "ಇದೇನು ತಹಸೀಲ್ದಾರ್ ಆಫೀಸಿನ ನೋಟೀಸೇನೋ?"

ಆಮೇಲೆ ನಗು ತಡೆದು ಹೇಳಿದರು. ಅದು ಅವರು ಟೆಸ್ಟಿಂಗಿನಿಂದ ಈ ಕಡೆ ಬಂದ ಮೇಲೆ ಬರೆದ ಮೊದಲ ಕೋಡು. ಲೋಕದವರು ಒಪ್ಪಿಕೊಂಡ ಮೊದಲ ಕೋಡು. ಆಗಿನ ಕಾರ್ಡು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಬಡಪಾಯಿ. ಕೇಬಲ್ ಕಿತ್ತರೆ ಅದರ ಕೈಯಲ್ಲಿ ನಿಜಕ್ಕೂ ಏನೂ ಬಾಕಿ ಇರುತ್ತಿರಲಿಲ್ಲ. ಈಗಿನ ಕಾರ್ಡಿನ ಹೊಟ್ಟೆಯಲ್ಲಿ ಒಂದು ಮದುವೆಯ ದಿಬ್ಬಣವೇ ಇರುತ್ತದೆ. ಕಾರ್ಡು ಬದಲಾಗಿತ್ತು, ಕೋಡು ಅಲ್ಲೇ ಕೂತಿತ್ತು. ಎಲ್ಲರ ಕೋಡನ್ನೂ ಬುಡದಿಂದ ಓದುವ ತಾವು ತಮ್ಮದನ್ನು ಆ ದಿನದಿಂದ ತೆರೆದೇ ನೋಡಿರಲಿಲ್ಲ.

"ತೂತು ಬಿದ್ದ ಹಂಡೆಕ್ಕ ನೀ ಬೆಸುಗಿ ಹಾಕಿದಿ, ಛಲೋ ಆತು. ಆದ್ರ ಅದ ಅಚ್ಚಿನ್ಯಾಗ ಮಾಡಿದ್ದು ಊರ ತುಂಬ ಅದಾವು. ಯಾವ ಅಚ್ಚು ಅಂತ ಹೇಳಲಿಲ್ಲ ಅಂದ್ರ ಅವರು ಹೆಂಗ ನೋಡ್ಕೋಬೇಕು? ನನ್ನ ಹೆಸರು ಉಳಸಾಕ ಹೋಗಿ ಅವರ ಪಾಯಸ ಚೆಲ್ಲತೀಯೇನು?"

ಅಮರೇಶ ಇಲ್ಲ ಎಂದು ತಲೆಯಾಡಿಸಿದ.

"ಮತ್ತ ಬರಿ. ನೀಟಾಗಿ ಬರಿ. ನನ್ನ ಕೋಡು ಅದು, ಗುರುತು ತಪ್ಪಾಗಿ ಬರದಿಯಂದ್ರ ಸುಮ್ಮನ ಬಿಡಂಗಿಲ್ಲ."

ಬರೆದ. ಪಕ್ಕದಲ್ಲೇ ನಿಂತು ನೋಡಿದರು. 'ಕಂಡುಬಂದಿರುತ್ತದೆ'ಯನ್ನು ತೆಗೆಸಿದರು, 'ಇಲ್ಲಿ ಡ್ರೈವರ್ ಕಾಯುವುದಿಲ್ಲ, ಕಾಯಬೇಕು' ಎಂಬರ್ಥದ ಎರಡು ಸಾಲು ಬರೆಸಿದರು. ಬುಡದಲ್ಲಿ ಫಿಕ್ಸಸ್ ಸಾಲು, ಅವರ ಎಂಟು ವರ್ಷ ಹಿಂದಿನ ಬದಲಾವಣೆಯ ಗುರುತು. ಅದರ ಕೆಳಗೆ ಅಮರೇಶನ ಪೂರ್ತಿ ಹೆಸರು. ಅದರ ಕೆಳಗೆ, ಪರಿಶೀಲಿಸಿ ಒಪ್ಪಿದವರು ಎಂದು, ಮತ್ತೆ ಅವರದೇ ಹೆಸರು. ತಪ್ಪು ಮಾಡಿದವರೂ ಅವರೇ, ತೀರ್ಪು ಕೊಟ್ಟವರೂ ಅವರೇ. ನಡುವೆ ಸಾಕ್ಷಿಯ ಹಾಗೆ ಅಮರೇಶ ಸಿಕ್ಕಿಹಾಕಿಕೊಂಡಿದ್ದ. ಮೇಲ್ ಕಳಿಸುವ ಗುಂಡಿಯನ್ನು ಅವನ ಕೈಯಲ್ಲೇ ಒತ್ತಿಸಿದರು.

ಮರುದಿನ ಊಟದ ಹೊತ್ತಿಗೆ ಉತ್ತರ ಬಂತು. ಮಾತಿಗೆ ಬರಗಾಲ ಬಿದ್ದವನಂತೆ ಬರೆಯುವ ಆ ಮೇಂಟೇನರ್ ಎರಡು ವಾಕ್ಯ ಬರೆದಿದ್ದ: ಸೇರಿಸಿಕೊಂಡಿದ್ದೇನೆ, ಹಳೆಯದಕ್ಕೂ ಕಳಿಸುತ್ತೇನೆ; ಎಂಟು ವರ್ಷ ಇದು ನನ್ನ ಕಣ್ಣಿಗೂ ಬೀಳಲಿಲ್ಲವಲ್ಲ. ಅಮರೇಶ ಅದನ್ನು ಕ್ಯಾಂಟೀನಿನಲ್ಲಿ ಚಪಾತಿ ಕೈಯಲ್ಲಿ ಹಿಡಿದು ಓದಿದ. ವಿನಾಯಕ್ ಎದುರು ಕೂತಿದ್ದ. ಡ್ಯಾಶ್‌ಬೋರ್ಡ್ ಟೀಮಿನವರಿಗೆ ಏನು ಹೇಳ್ತೀರ ಎಂದು ಅಮರೇಶ ಕೇಳಿದ್ದಕ್ಕೆ, ಅವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ, ನೀನು ಇಲ್ಲೇ ಸಾಯಿ ಮಗಾ ಅಂದ. ಅಮರೇಶನ ಜೀವನದಲ್ಲಿ ಯಾರೂ ಅವನಿಗೆ ಅಷ್ಟು ಪ್ರೀತಿಯಿಂದ ಸಾಯಲು ಹೇಳಿರಲಿಲ್ಲ.

ಶಿವಲಿಂಗಮ್ಮ ಆಗಲೇ ಫೋನು ಹಚ್ಚಿದ್ದರು. ಈಗ ಅತ್ತಿಬೆಲೆಯ ಫ್ಯಾಕ್ಟರಿಯಲ್ಲಿದ್ದ ಗಂಡ ಈರಣ್ಣನಿಗೆ ಮೆಷಿನ್ನಿನ ಸದ್ದಿನಲ್ಲಿ ಕೇಳಿಸದೆ, ಅವರು ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ, ನನ್ನ ತಪ್ಪು ಸಿಕ್ಕಿತ್ರಿ, ನಂದು, ಎಂಟು ವರ್ಷದ್ದು, ನಮ್ಮ ಹುಡುಗ ಹಿಡದಾನ ಎಂದು ಕೂಗಿ ಹೇಳುತ್ತಿದ್ದರು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಈರಣ್ಣ ಆ ಕಡೆಯಿಂದ ಏನು ಹೇಳಿದನೋ, ಭಾನುವಾರ ಊಟಕ್ಕೆ ಬರಬೇಕಂತೆ ನೋಡು ಎಂದು ಅಮರೇಶನಿಗೆ ತಿಳಿಸಿದರು.

ಸೋಮವಾರ ಅವನು ಸೀಟಿಗೆ ಬಂದಾಗ ಪರದೆ ತುಂಬ ಅವರ ಮೇಲ್ ಕಾದಿತ್ತು. ಈ ಡ್ರೈವರಿಗೆ ಅವರು ಈ ಎಂಟು ವರ್ಷದಲ್ಲಿ ಬರೆದ ಕೋಡೆಲ್ಲ ಅದರಲ್ಲಿತ್ತು. ಇದನ್ನೂ ನೋಡು ಎಂದಷ್ಟೇ ಬರೆದಿದ್ದರು. ಅಮರೇಶ ವಾರವಿಡೀ ಕೂತು ನೋಡಿದ. ಒಂದೊಂದು ಸಾಲಿಗೂ ನಿಂತು, ಕಾರ್ಡಿನ ಪುಸ್ತಕ ತೆರೆದು ತಾಳೆ ಹಾಕಿ ನೋಡಿದ. ಶುಕ್ರವಾರ ಅವರ ಸೀಟಿಗೆ ಹೋಗಿ, ಸಂತೋಷದ ಸುದ್ದಿ ಹೇಳುವವನ ಹಾಗೆ, ಏನೂ ಸಿಗಲಿಲ್ರಿ ಅಕ್ಕಾರ, ಎಲ್ಲಾ ಸರಿ ಐತಿ ಎಂದ.

ಶಿವಲಿಂಗಮ್ಮನವರ ಮುಖ ಸಪ್ಪಗಾಯಿತು.

"ಸರಿಯಾಗಿ ನೋಡೋ," ಅಂದರು.